ವಿಭಾಗದ ನಡವಳಿಕೆ, ವಿದ್ಯಾರ್ಥಿಯ ಹಣೆಬರಹ

ಅಮೆರಿಕದ ಭೌತವಿಜ್ಞಾನ ವಿಭಾಗಗಳ ಪಾಲಿಗೆ ಈ ಶತಮಾನದ ಮೊದಲ ಎರಡು ದಶಕಗಳು ಸುಗ್ಗಿಯ ಕಾಲ. 1990ರ ದಶಕದ ಕೊನೆಗೆ ಇಡೀ ದೇಶದಲ್ಲಿ ವರ್ಷಕ್ಕೆ 4,000ಕ್ಕೂ ಕಡಿಮೆ ಮಂದಿ ಭೌತವಿಜ್ಞಾನದ ಪದವಿ ಪಡೆಯುತ್ತಿದ್ದರು. ಇಪ್ಪತ್ತು ವರ್ಷಗಳಲ್ಲಿ ಆ ಸಂಖ್ಯೆ ದುಪ್ಪಟ್ಟನ್ನೂ ಮೀರಿತು. ಇದೇ ಅವಧಿಯಲ್ಲಿ ಆ ಪದವೀಧರರ ನಡುವೆ ಕಪ್ಪು ಅಮೆರಿಕನ್ನರ ಪಾಲು ಶೇ. 5ರ ಆಸುಪಾಸಿನಿಂದ ಶೇ. 4ಕ್ಕಿಂತ ಕೆಳಗೆ ಇಳಿಯಿತು. ದೇಶದ ಜನಸಂಖ್ಯೆಯಲ್ಲಿ ಅವರು ಶೇ. 13ರಷ್ಟಿದ್ದಾರೆ. ಬೇರೆ ಬೇರೆ ವಿಷಯಗಳಲ್ಲಿ ಪದವಿ ಪಡೆಯುವ ಕಪ್ಪು ವಿದ್ಯಾರ್ಥಿಗಳ ಸಂಖ್ಯೆ ಏರುತ್ತಿದ್ದ ಕಾಲವದು. ಮಕ್ಕಳು ಕಾಲೇಜಿಗೆ ಬರುತ್ತಿದ್ದರು, ಪದವಿಯನ್ನೂ ಪಡೆಯುತ್ತಿದ್ದರು. ಭೌತವಿಜ್ಞಾನ ವಿಭಾಗದಲ್ಲಿ ಮಾತ್ರ ಏನೋ ಎಡವಟ್ಟಾಗುತ್ತಿತ್ತು.

ಆ ಎಡವಟ್ಟು ಏನೆಂದು ಪತ್ತೆ ಮಾಡಲು ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಫಿಸಿಕ್ಸ್ 'ಟೀಮ್-ಅಪ್' ಎಂಬ ಕಾರ್ಯಪಡೆಯನ್ನು ನೇಮಿಸಿತು. ರೀಡ್ ಕಾಲೇಜಿನ ಮೇರಿ ಜೇಮ್ಸ್ ಮತ್ತು ಎಂಐಟಿಯ ಎಡ್ಮಂಡ್ ಬರ್ಟ್‌ಷಿಂಗರ್ ಅದರ ಮುಂದಾಳುಗಳು. 2020ರ ಜನವರಿಯಲ್ಲಿ ಹೊರಬಂದ ಅವರ ವರದಿ ಐದು ಅಂಶಗಳನ್ನು ಗುರುತಿಸಿತು: ತಾನೂ ಇಲ್ಲಿಗೆ ಸೇರಿದವನು ಎಂಬ ಭಾವನೆ, ತಾನೊಬ್ಬ ಭೌತವಿಜ್ಞಾನಿ ಎಂಬ ಗುರುತು, ಓದಿಗೆ ಆಸರೆ, ಹಣಕಾಸೂ ಸೇರಿದಂತೆ ಬದುಕಿಗೆ ಆಸರೆ, ಕೊನೆಯದಾಗಿ ವಿಭಾಗದ ನಾಯಕತ್ವ ಮತ್ತು ವ್ಯವಸ್ಥೆ. 2030ರ ಹೊತ್ತಿಗೆ ಭೌತವಿಜ್ಞಾನ ಮತ್ತು ಖಗೋಳವಿಜ್ಞಾನದ ಕಪ್ಪು ಪದವೀಧರರ ಸಂಖ್ಯೆಯನ್ನು ಇಮ್ಮಡಿಗೊಳಿಸಬೇಕು ಎಂಬ ಗುರಿಯನ್ನೂ ಅದು ಮುಂದಿಟ್ಟಿತು. ವರದಿ ಐದನೆಯದಾಗಿ ಹೇಳಿದ ಅಂಶವೇ ಮೊದಲನೆಯದಾಗಬೇಕಿತ್ತು ಎಂಬುದು ಈ ಲೇಖನದ ವಾದ. ಉಳಿದ ನಾಲ್ಕೂ ಅದರ ಬೆನ್ನಿಗೇ ಬರುವಂಥವು.

ವಿಭಾಗದ ಸಂಸ್ಕೃತಿ ಸುಧಾರಿಸಬೇಕು ಎಂದ ಕೂಡಲೇ ಮಾತು ಮನೋಭಾವದ ಕಡೆಗೆ ಹೊರಳುತ್ತದೆ. ಪ್ರಾಧ್ಯಾಪಕರು ಸಹೃದಯರಾಗಬೇಕು, ಎಲ್ಲರೂ ಸೌಹಾರ್ದದಿಂದ ನಡೆದುಕೊಳ್ಳಬೇಕು, ಅದಕ್ಕೊಂದು ಅರ್ಧ ದಿನದ ತರಬೇತಿ ಇಡಬೇಕು. ಇದರಲ್ಲಿ ತಪ್ಪೇನಿಲ್ಲ, ಹೆಚ್ಚಿನ ಪ್ರಯೋಜನವೂ ಇಲ್ಲ. ಬಹುಪಾಲು ಪ್ರಾಧ್ಯಾಪಕರು ಈಗಾಗಲೇ ತಕ್ಕಮಟ್ಟಿಗೆ ಒಳ್ಳೆಯವರೇ. ಒಂದು ವಿಭಾಗದ ಸಂಸ್ಕೃತಿ ಇರುವುದು ಅದರ ರೂಢಿಗಳಲ್ಲಿ: ಮೊದಲ ವರ್ಷಕ್ಕೆ ಯಾರು ಪಾಠ ಮಾಡುತ್ತಾರೆ, ಅಂಕ ಹೇಗೆ ಹಾಕುತ್ತಾರೆ, ಲ್ಯಾಬಿನಲ್ಲಿ ಯಾರಿಗೆ ಯಾರು ಜೋಡಿಯಾಗುತ್ತಾರೆ, ಬೇಸಿಗೆಯ ಸಂಶೋಧನಾ ಕೆಲಸದ ಸುದ್ದಿ ಯಾರ ಕಿವಿಗೆ ಮೊದಲು ಬೀಳುತ್ತದೆ. ಯಾರೂ ಕೆಟ್ಟವರಾಗಿರದಿದ್ದರೂ ಇಂಥ ರೂಢಿಗಳು ಕೆಲವರನ್ನು ಸದ್ದಿಲ್ಲದೆ ಹೊರಗೆ ಹಾಕಬಲ್ಲವು.

ಇದಕ್ಕೆ ಎಲ್ಲಕ್ಕಿಂತ ಒಳ್ಳೆಯ ಪುರಾವೆ ಗಣಿತದಿಂದ ಬಂದಿದೆ. 1970ರ ದಶಕದಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಕ್ಯಾಲ್ಕುಲಸ್ ತರಗತಿ ಕಪ್ಪು ವಿದ್ಯಾರ್ಥಿಗಳ ಪಾಲಿಗೆ ಜರಡಿಯಾಗಿತ್ತು. ಅದನ್ನು ದಾಟದೆ ಎಂಜಿನಿಯರಿಂಗೂ ಇಲ್ಲ, ವೈದ್ಯಕೀಯವೂ ಇಲ್ಲ. ಅಲ್ಲಿ ಓದುತ್ತಿದ್ದ ಯೂರಿ ಟ್ರೈಸ್‌ಮನ್ ಈ ವಿದ್ಯಾರ್ಥಿಗಳು ಯಾಕೆ ಫೇಲಾಗುತ್ತಾರೆ ಎಂದು ಅಧ್ಯಾಪಕರನ್ನು ಕೇಳಿದರು. ಬಂದ ಉತ್ತರಗಳು ನಾಲ್ಕು: ಛಲ ಇಲ್ಲ, ಬುನಾದಿ ಗಟ್ಟಿಯಿಲ್ಲ, ಮನೆಯಲ್ಲಿ ಓದಿನ ವಾತಾವರಣ ಇಲ್ಲ, ಬಡತನ. ಟ್ರೈಸ್‌ಮನ್ ಈ ಉತ್ತರಗಳನ್ನು ನಂಬಿ ಕೂರಲಿಲ್ಲ. ಇಪ್ಪತ್ತು ಮಂದಿ ಕಪ್ಪು ವಿದ್ಯಾರ್ಥಿಗಳನ್ನೂ ಇಪ್ಪತ್ತು ಮಂದಿ ಚೀನೀ ಮೂಲದ ವಿದ್ಯಾರ್ಥಿಗಳನ್ನೂ ಆರಿಸಿಕೊಂಡು, ಅವರು ಓದುವ ಜಾಗಗಳಿಗೇ ಹೋಗಿ, ಓದುವುದನ್ನು ತಿಂಗಳುಗಟ್ಟಲೆ ನೋಡಿದರು, ಚಿತ್ರೀಕರಿಸಿಕೊಂಡರು.

ನಾಲ್ಕು ಉತ್ತರಗಳೂ ಬಿದ್ದುಹೋದವು. ಕಪ್ಪು ವಿದ್ಯಾರ್ಥಿಗಳಲ್ಲಿ ಹಲವರು ತಮ್ಮ ಶಾಲೆಗೇ ಮೊದಲಿಗರಾಗಿ ಬಂದವರು. ಮಗ, ಮಗಳು ಓದಿ ಮುಂದೆ ಬರಲೆಂದು ಮನೆಯವರು ವರ್ಷಗಟ್ಟಲೆ ಹೆಣಗಿದ್ದರು. ತರಗತಿಯ ಪ್ರತಿ ಗಂಟೆಗೆ ಮನೆಯಲ್ಲಿ ಎರಡು ಗಂಟೆ ಓದಿ ಎಂದು ಅಧ್ಯಾಪಕರು ಹೇಳಿದ್ದನ್ನು ಇವರು ಚಾಚೂ ತಪ್ಪದೆ ಪಾಲಿಸುತ್ತಿದ್ದರು. ವ್ಯತ್ಯಾಸ ಕಂಡದ್ದು ಬೇರೆ ಕಡೆ. ಇಪ್ಪತ್ತು ಮಂದಿಯಲ್ಲಿ ಹದಿನೆಂಟು ಮಂದಿ ಸಹಪಾಠಿಗಳ ಜೊತೆ ಕೂತು ಓದಿದ್ದೇ ಇಲ್ಲ. ಚೀನೀ ಮೂಲದವರು ಮೊದಲು ಒಬ್ಬೊಬ್ಬರೇ ಓದುತ್ತಿದ್ದರು. ಸಂಜೆ ಗುಂಪಾಗಿ ಕೂತು ಒಬ್ಬರ ಉತ್ತರವನ್ನು ಇನ್ನೊಬ್ಬರು ತಿದ್ದುತ್ತಿದ್ದರು, ಹಳೆಯ ಪ್ರಶ್ನೆಪತ್ರಿಕೆಗಳನ್ನು ಹಂಚಿಕೊಳ್ಳುತ್ತಿದ್ದರು, ಜೊತೆಗೇ ಊಟ ಮಾಡುತ್ತಿದ್ದರು. ಒಂದು ಲೆಕ್ಕ ತನಗೆ ಬಾರದಿದ್ದರೆ ಬೇರೆಯವರಿಗೂ ಬಂದಿಲ್ಲ ಎಂಬುದು ಅವರಲ್ಲಿ ಪ್ರತಿಯೊಬ್ಬನಿಗೂ ಗೊತ್ತಾಗುತ್ತಿತ್ತು. ಒಂಟಿಯಾಗಿ ಓದುವ ಹುಡುಗನಿಗೆ ಅದೇ ಲೆಕ್ಕ ತನ್ನ ಅಸಾಮರ್ಥ್ಯದ ಸಾಕ್ಷಿಯಾಗಿ ಕಾಣುತ್ತಿತ್ತು.

ಹಾಗಾದರೆ ಕಪ್ಪು ವಿದ್ಯಾರ್ಥಿಗಳು ಒಂಟಿಯಾಗಿ ಓದುವುದು ಅವರದೇ ಸ್ವಭಾವವಲ್ಲವೇ, ವಿಭಾಗದ ತಪ್ಪೇನು ಎಂದು ಕೇಳಬಹುದು. ಸುತ್ತಲಿನ ಸಸಾರವನ್ನು ಎದುರಿಸಿ ಶಾಲೆಯಲ್ಲಿ ಮೇಲೆ ಬರಲು ಒಂಟಿ ಓದೇ ಅವರಲ್ಲಿ ಎಷ್ಟೋ ಜನರಿಗೆ ದಾರಿಯಾಗಿತ್ತು ಎಂಬುದು ನಿಜ. ಆದರೆ ಗುಂಪು ಸೇರಲು ಹೋದಾಗ ಏನಾಗುತ್ತಿತ್ತು ಎಂಬುದಕ್ಕೆ ಶರ್ಲಿ ಆನ್ ಜಾಕ್ಸನ್ ಅವರ ಅನುಭವ ಇದೆ. ವಾಷಿಂಗ್ಟನ್‌ನ ಶಾಲೆಯೊಂದರ ಮೊದಲಿಗಳಾಗಿ 1964ರಲ್ಲಿ ಎಂಐಟಿ ಸೇರಿದ ಅವರು, ಹಾಸ್ಟೆಲಿನ ಹುಡುಗಿಯರು ಒಟ್ಟಿಗೆ ಕೂತು ಭೌತವಿಜ್ಞಾನದ ಲೆಕ್ಕ ಬಿಡಿಸುತ್ತಿದ್ದುದನ್ನು ಕಂಡರು. ತಾವು ಬಿಡಿಸಿಟ್ಟಿದ್ದ ಹಾಳೆ ಹಿಡಿದು ಸೇರಿಕೊಳ್ಳಲು ಹೋದರೆ, ಆಚೆ ಹೋಗು ಎಂಬ ಉತ್ತರ ಬಂತು. ಕಪ್ಪು ಹುಡುಗಿಯರು ಏನಾದರೂ ಕಸುಬು ಕಲಿಯುವುದು ಲೇಸು ಎಂದು ಪ್ರಾಧ್ಯಾಪಕರೊಬ್ಬರು ಬುದ್ಧಿ ಹೇಳಿದ್ದನ್ನೂ ಅವರು ನೆನಪಿಸಿಕೊಂಡಿದ್ದಾರೆ. ಜಾಕ್ಸನ್ ಆರಿಸಿಕೊಂಡ ಕಸುಬು ಭೌತವಿಜ್ಞಾನ. 1973ರಲ್ಲಿ ಅವರು ಎಂಐಟಿಯಿಂದ ಡಾಕ್ಟರೇಟ್ ಪಡೆದ ಮೊದಲ ಕಪ್ಪು ಮಹಿಳೆಯಾದರು. ಮುಂದೆ ಅಮೆರಿಕದ ಪರಮಾಣು ನಿಯಂತ್ರಣ ಆಯೋಗದ ಮುಖ್ಯಸ್ಥರೂ ಆದರು.

ಇಂಥ ಕತೆಗಳನ್ನು ಸ್ಫೂರ್ತಿಗಾಗಿ ಹೇಳುವುದು ವಾಡಿಕೆ. ವಿಭಾಗಗಳು ಇದನ್ನು ಓದಿಕೊಳ್ಳಬೇಕಾದ ಬಗೆ ಬೇರೆ. ಕಪ್ಪು ಅಮೆರಿಕನ್ನರಾದ ಎಡ್ವರ್ಡ್ ಬೌಷೆ 1876ರಲ್ಲಿ ಯೇಲ್‌ನಿಂದ ಭೌತವಿಜ್ಞಾನದಲ್ಲಿ ಪಿಎಚ್‌ಡಿ ಪಡೆದರು. ಯಾವ ದೊಡ್ಡ ವಿಶ್ವವಿದ್ಯಾಲಯವೂ ಕರೆಯಲಿಲ್ಲ. ಫಿಲಡೆಲ್ಫಿಯಾದಲ್ಲಿ ಕಪ್ಪು ಮಕ್ಕಳ ಶಾಲೆಯೊಂದರಲ್ಲಿ 26 ವರ್ಷ ಪಾಠ ಹೇಳಿದರು. ಅದೇ ವಿಷಯದಲ್ಲಿ ಎರಡನೆಯ ಕಪ್ಪು ಪಿಎಚ್‌ಡಿ ಬರಲು 1918 ಆಗಬೇಕಾಯಿತು. ಬೌಷೆ, ಜಾಕ್ಸನ್ ಇಬ್ಬರೂ ಅಸಾಮಾನ್ಯರು. ಬಿಳಿಯ ವಿದ್ಯಾರ್ಥಿಯೊಬ್ಬ ಸಾಧಾರಣ ಬುದ್ಧಿವಂತನಾಗಿದ್ದೂ, ಒಂದೆರಡು ಕೋರ್ಸಿನಲ್ಲಿ ಮುಗ್ಗರಿಸಿಯೂ, ಯಾರದೋ ನೆರವಿನಿಂದ ಎದ್ದು ಭೌತವಿಜ್ಞಾನದ ಪದವಿ ಪಡೆಯಬಲ್ಲ. ಕಪ್ಪು ವಿದ್ಯಾರ್ಥಿ ಅದೇ ಪದವಿಗಾಗಿ ಜಾಕ್ಸನ್ ಆಗಲೇಬೇಕು ಎಂದಾದರೆ ಅದು ಸಮಾನತೆಯಲ್ಲ. ಸಾಧಾರಣ ಪ್ರತಿಭೆಯ ಕಪ್ಪು ವಿದ್ಯಾರ್ಥಿಯೂ ನೆಮ್ಮದಿಯಾಗಿ ಓದಿ ಮುಗಿಸುವಂತಾದಾಗ ಒಂದು ವಿಭಾಗ ಸುಧಾರಿಸಿದೆ ಎನ್ನಬಹುದು.

ಈ ವಿಷಯ ಕನ್ನಡ ಓದುಗರಿಗೆ ಸಂಬಂಧಿಸದ ದೂರದ ಸಂಗತಿಯೂ ಅಲ್ಲ. ಭಾರತೀಯರಿಗೆ ಅಮೆರಿಕದ ಬಾಗಿಲು ತೆರೆದ ವಲಸೆ ಕಾನೂನು ಬಂದದ್ದು 1965ರಲ್ಲಿ, ಕಪ್ಪು ಜನರ ನಾಗರಿಕ ಹಕ್ಕುಗಳ ಹೋರಾಟ ಆ ದೇಶದ ಕಾನೂನುಗಳನ್ನು ಅಲುಗಿಸಿದ ಹೊತ್ತಿನಲ್ಲಿ. ಅಲ್ಲಿಂದೀಚೆಗೆ ಬೆಂಗಳೂರು, ಮೈಸೂರು, ಧಾರವಾಡಗಳಿಂದ ಹೋದವರು ಅಲ್ಲಿನ ವಿಜ್ಞಾನ ವಿಭಾಗಗಳ ಭಾಗವೇ ಆಗಿದ್ದಾರೆ. ಹೋದ ಮೊದಲ ಸೆಮಿಸ್ಟರಿನಲ್ಲೇ ಅವರಲ್ಲಿ ಹಲವರಿಗೆ ಬೋಧನಾ ಸಹಾಯಕರ ಕೆಲಸ ಸಿಗುತ್ತದೆ. ಮೊದಲ ವರ್ಷದ ಲ್ಯಾಬು ಅವರ ಕೈಯಲ್ಲಿರುತ್ತದೆ. "ನಿಮ್ಮ ನಿಮ್ಮ ಜೋಡಿ ನೀವೇ ಆರಿಸಿಕೊಳ್ಳಿ" ಎನ್ನುವುದು ಸಹಾಯಕನಿಗೆ ಸಲೀಸು. ಎರಡೇ ನಿಮಿಷದಲ್ಲಿ ಪರಿಚಯಸ್ಥರು ಪರಿಚಯಸ್ಥರ ಪಕ್ಕ ಸರಿಯುತ್ತಾರೆ. ಇಪ್ಪತ್ತನಾಲ್ಕು ಮಂದಿಯ ನಡುವೆ ಇರುವ ಒಬ್ಬಳೇ ಕಪ್ಪು ಹುಡುಗಿ ಕೊನೆಗೆ ಉಳಿಯುತ್ತಾಳೆ, ಅಥವಾ ಮೂರನೆಯವಳಾಗಿ ಒಂದು ಜೋಡಿಗೆ ಅಂಟಿಕೊಳ್ಳುತ್ತಾಳೆ. ಉಳಿದಿಬ್ಬರು ಉಪಕರಣ ಮುಟ್ಟುತ್ತಾರೆ, ಇವಳು ಅಂಕಿ ಬರೆದುಕೊಳ್ಳುತ್ತಾಳೆ. ಇಲ್ಲಿ ಯಾರೂ ಯಾರನ್ನೂ ಬೈದಿಲ್ಲ. ಸಹಾಯಕ ತಾನೇ ಒಂದು ಪಟ್ಟಿ ಮಾಡಿ ಜೋಡಿ ಹಾಕಿ, ಎರಡು ವಾರಕ್ಕೊಮ್ಮೆ ಬದಲಿಸಿ, ಉಪಕರಣ ಹಿಡಿಯುವ ಸರದಿಯನ್ನೂ ಗೊತ್ತುಮಾಡಿದ್ದರೆ ಮುಗಿಯುತ್ತಿತ್ತು.

ನಮ್ಮವರ ಯಶಸ್ಸಿನ ಹಿಂದೆ ಇರುವುದೇನೆಂಬುದನ್ನೂ ಇಲ್ಲಿ ನೆನೆಯಬೇಕು. ವಿಮಾನ ಹತ್ತುವ ಮೊದಲೇ ಅವರ ಫೋನಿನಲ್ಲಿ ಆ ವಿಶ್ವವಿದ್ಯಾಲಯದ ಭಾರತೀಯ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗುಂಪು ಇರುತ್ತದೆ. ಯಾವ ಪ್ರೊಫೆಸರ್ ಬಳಿ ಹಣ ಇದೆ, ಯಾವ ಕೋರ್ಸನ್ನು ಯಾವ ಸೆಮಿಸ್ಟರಿನಲ್ಲಿ ತೆಗೆದುಕೊಳ್ಳಬಾರದು, ಕಳೆದ ವರ್ಷ ಏನು ಪ್ರಶ್ನೆ ಕೇಳಿದ್ದರು ಎಂಬುದನ್ನೆಲ್ಲ ಸೀನಿಯರ್‌ಗಳು ಹೇಳಿಕೊಡುತ್ತಾರೆ. ಹೋದವರಲ್ಲಿ ಹೆಚ್ಚಿನವರು ತಲೆಮಾರುಗಳಿಂದ ಓದು ಕಂಡ ಮೇಲ್ಜಾತಿಯ ಮನೆಗಳವರು ಎಂಬುದೂ ಸುಳ್ಳಲ್ಲ. ಟ್ರೈಸ್‌ಮನ್ ಕಂಡ ಚೀನೀ ಗುಂಪಿನ ಹಾಗೆಯೇ ನಮ್ಮದೂ ಒಂದು ಗುಂಪು. ಅದರ ಫಲವನ್ನು ಬರೀ ಸ್ವಂತ ಪರಿಶ್ರಮ ಎಂದು ಹೇಳಿಕೊಂಡು, ಕಪ್ಪು ವಿದ್ಯಾರ್ಥಿಗಳಿಗೆ ಪರಿಶ್ರಮವಿಲ್ಲ ಎಂದು ತೀರ್ಪು ಕೊಡುವ ಭಾರತೀಯರು ಅಲ್ಲಿ ಕಡಿಮೆಯಿಲ್ಲ. ಅಂಥ ಗುಂಪು ಇಲ್ಲದವರಿಗೆ ಅದರ ಲಾಭವನ್ನು ವಿಭಾಗವೇ ಒದಗಿಸಬೇಕು ಎಂದು ಕೇಳುವುದು ವಿಶೇಷ ರಿಯಾಯಿತಿಯಾಗುವುದಿಲ್ಲ.

ಒದಗಿಸಿದಾಗ ಏನಾಗುತ್ತದೆ ಎಂಬುದೂ ಗೊತ್ತಿದೆ. ಟ್ರೈಸ್‌ಮನ್ ಬರ್ಕ್ಲಿಯಲ್ಲಿ ವರ್ಕ್‌ಶಾಪುಗಳನ್ನು ಆರಂಭಿಸಿದರು. ಹಿಂದುಳಿದವರಿಗೆ ಟ್ಯೂಷನ್ ಎಂದು ಕರೆದಿದ್ದರೆ ಶಾಲೆಗೆ ಮೊದಲಿಗರಾಗಿ ಬಂದ ಆ ಮಕ್ಕಳು ಅತ್ತ ಸುಳಿಯುತ್ತಲೂ ಇರಲಿಲ್ಲ. ಅದನ್ನು ಪ್ರತಿಭಾವಂತರ ತರಗತಿಯಾಗಿ ರೂಪಿಸಿ, ಪರೀಕ್ಷೆಗಿಂತ ಕಷ್ಟದ ಲೆಕ್ಕ ಕೊಟ್ಟು, ಗುಂಪಾಗಿ ಬಿಡಿಸಲು ಬಿಟ್ಟರು. ಅಲ್ಲಿಗೆ ಬಂದ ಕಪ್ಪು ವಿದ್ಯಾರ್ಥಿಗಳು, ಬಾರದ ಬಿಳಿಯ ಮತ್ತು ಏಷ್ಯನ್ ಸಹಪಾಠಿಗಳನ್ನೂ ಮೀರಿಸಿದರು. ಇನ್ನೊಂದು ಉದಾಹರಣೆ ನ್ಯೂ ಆರ್ಲಿಯನ್ಸ್‌ನ ಝೇವಿಯರ್ ವಿಶ್ವವಿದ್ಯಾಲಯ, ಕಪ್ಪು ವಿದ್ಯಾರ್ಥಿಗಳಿಗಾಗಿಯೇ ಹುಟ್ಟಿದ ಸಣ್ಣ ಸಂಸ್ಥೆ. ಹಾರ್ವರ್ಡಿನ ಶ್ರೀಮಂತಿಕೆಯ ನೆರಳೂ ಅಲ್ಲಿಲ್ಲ. ಆದರೂ ವರ್ಷಗಟ್ಟಲೆ ದೇಶದಲ್ಲೇ ಅತಿ ಹೆಚ್ಚು ಕಪ್ಪು ಪದವೀಧರರನ್ನು ವೈದ್ಯಕೀಯ ಕಾಲೇಜುಗಳಿಗೆ ಕಳಿಸಿದ್ದು ಅದೇ.

ಇನ್ನೂ ಹತ್ತಿರದಿಂದ ನೋಡಬೇಕಾದದ್ದು ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಬಾಲ್ಟಿಮೋರ್ ಕೌಂಟಿ ಶಾಖೆ. ಅಲ್ಲಿ ಗಣಿತಜ್ಞ ಫ್ರೀಮನ್ ಹ್ರಬೌಸ್ಕಿ, ದಾನಿ ರಾಬರ್ಟ್ ಮೇಯರ್‌ಹಾಫ್ ಜೊತೆಗೂಡಿ 1988ರಲ್ಲಿ ಮೇಯರ್‌ಹಾಫ್ ಹೆಸರಿನ ಒಂದು ಯೋಜನೆ ಕಟ್ಟಿದರು. ಮರುವರ್ಷ 19 ಕಪ್ಪು ಹುಡುಗರ ಮೊದಲ ತಂಡ ಬಂತು. ಕಾಲೇಜು ಶುರುವಾಗುವ ಮುಂಚಿನ ಬೇಸಿಗೆಯಲ್ಲೇ ತಂಡ ಒಟ್ಟಾಗಿ ವಾಸಿಸಿ, ಓದಿ, ಒಬ್ಬರನ್ನೊಬ್ಬರು ಅರಿತುಕೊಳ್ಳಬೇಕು. ಗುಂಪಿನ ಓದು ಕಡ್ಡಾಯ. ಬುನಾದಿಯ ಕೋರ್ಸಿನಲ್ಲಿ ಸಿ ಗ್ರೇಡ್ ಬಂದರೆ ಪಾಸಾಯಿತಲ್ಲ ಎಂದು ಮುಂದೆ ಹೋಗದೆ ಮತ್ತೆ ಕೂತು ಕಲಿಯಬೇಕು ಎಂಬುದು ಅಲ್ಲಿನ ನಿರೀಕ್ಷೆ. ಮೊದಲ ವರ್ಷದಿಂದಲೇ ಪ್ರಯೋಗಾಲಯದ ನಂಟು. ಕೋವಿಡ್ ಲಸಿಕೆಯ ಸಂಶೋಧನೆಯಲ್ಲಿ ಪ್ರಮುಖ ಪಾತ್ರ ವಹಿಸಿದ ಕಿಜ್ಮೆಕಿಯಾ ಕಾರ್ಬೆಟ್ ಈ ಯೋಜನೆಯಿಂದ ಬಂದವರು. ಇದು ಒಬ್ಬ ಮಹಾನುಭಾವನ ಪವಾಡ ಎನ್ನುವವರಿದ್ದರು. ಪೆನ್ ಸ್ಟೇಟ್‌ನಲ್ಲೂ ನಾರ್ತ್ ಕ್ಯಾರೊಲಿನಾದ ಚಾಪೆಲ್ ಹಿಲ್‌ನಲ್ಲೂ ಇದೇ ಮಾದರಿಯನ್ನು ಬೇರೆ ಜನ ನೆಟ್ಟರು, ಅಲ್ಲೂ ಬೇರು ಬಿಟ್ಟಿತು.

ಇದಕ್ಕೆ ಆಕ್ಷೇಪಣೆಗಳಿವೆ. ಮೊದಲನೆಯದು, ತಪ್ಪು ಶಾಲೆಗಳಲ್ಲಿದೆ, ವಿಶ್ವವಿದ್ಯಾಲಯ ಏನು ಮಾಡಲಾದೀತು ಎಂಬುದು. ಕಪ್ಪು ಬಡಾವಣೆಗಳ ಎಷ್ಟೋ ಶಾಲೆಗಳಲ್ಲಿ ಭೌತವಿಜ್ಞಾನವನ್ನೇ ಕಲಿಸುವುದಿಲ್ಲ. ಆ ಕೊರತೆ ನಿಜವೇ. ಆದರೆ ಅದೊಂದೇ ಕಾರಣವಾಗಿದ್ದರೆ ಎಲ್ಲ ವಿಭಾಗಗಳೂ ಅವರನ್ನು ಒಂದೇ ಪ್ರಮಾಣದಲ್ಲಿ ಕಳೆದುಕೊಳ್ಳಬೇಕಿತ್ತು. 2019ರಲ್ಲಿ ಪ್ರಕಟವಾದ ಕ್ಯಾಥರೀನ್ ರೀಗಲ್-ಕ್ರಂಬ್ ಮತ್ತು ಸಂಗಡಿಗರ ಅಧ್ಯಯನದ ಪ್ರಕಾರ, ವಿಜ್ಞಾನ-ಎಂಜಿನಿಯರಿಂಗ್ ಆರಿಸಿಕೊಂಡ ಕಪ್ಪು ವಿದ್ಯಾರ್ಥಿಗಳಲ್ಲಿ ಸುಮಾರು ಶೇ. 40 ಮಂದಿ ಬೇರೆ ವಿಷಯಕ್ಕೆ ಹೊರಳಿದರು. ಬಿಳಿಯರಲ್ಲಿ ಇದು ಶೇ. 29. ವಾಣಿಜ್ಯದಂಥ ವಿಷಯಗಳಲ್ಲಿ ಈ ಅಂತರ ಕಾಣಲಿಲ್ಲ. ಅದೇ ಶಾಲೆಗಳಿಂದ ಬಂದ ಮಕ್ಕಳು ಒಂದು ಕಟ್ಟಡದಲ್ಲಿ ನಿಂತು ಇನ್ನೊಂದು ಕಟ್ಟಡದಿಂದ ಹೊರಡುತ್ತಾರೆ ಎಂದಾದರೆ, ಎರಡನೆಯ ಕಟ್ಟಡದ ಒಳಗೆ ಇಣುಕಿ ನೋಡಲೇಬೇಕಾಗುತ್ತದೆ.

ಎರಡನೆಯ ಆಕ್ಷೇಪಣೆ ಮಟ್ಟದ್ದು: ಹೀಗೆಲ್ಲ ಮಾಡಿದರೆ ಗುಣಮಟ್ಟ ಕುಸಿಯುತ್ತದೆ. ಆದರೆ ಟ್ರೈಸ್‌ಮನ್ ಕೊಟ್ಟದ್ದು ಇನ್ನೂ ಕಷ್ಟದ ಲೆಕ್ಕ. ಹ್ರಬೌಸ್ಕಿ ಸಿ ಗ್ರೇಡನ್ನೂ ಒಪ್ಪಲಿಲ್ಲ. ಮಟ್ಟದ ಹೆಸರಿನಲ್ಲಿ ವಿಭಾಗಗಳು ಕಾಪಾಡಿಕೊಂಡು ಬಂದಿರುವುದು ಬಹಳ ಸಲ ತಮ್ಮ ಹಳೆಯ ಅಭ್ಯಾಸವನ್ನು. ತರಗತಿಯ ಸರಾಸರಿಗೆ ಹೋಲಿಸಿ ಅಂಕ ಹಾಕುವ ಪದ್ಧತಿಯನ್ನೇ ನೋಡಿ. ಅಲ್ಲಿ ಪಕ್ಕದವನಿಗೆ ಹೇಳಿಕೊಟ್ಟರೆ ನನ್ನ ಗ್ರೇಡಿಗೇ ಏಟು. ಗುಂಪಿಲ್ಲದವನನ್ನು ಗುಂಪಿಗೆ ಸೇರಿಸಿಕೊಳ್ಳಲು ಯಾರಿಗೂ ಕಾರಣವೇ ಉಳಿಯುವುದಿಲ್ಲ. ಗೊತ್ತುಮಾಡಿದ ಮಟ್ಟ ಮುಟ್ಟಿದವರಿಗೆಲ್ಲ ಎ ಕೊಟ್ಟರೆ ಮಟ್ಟ ಕುಸಿಯದು, ಜಗಳ ಮಾತ್ರ ತಪ್ಪುತ್ತದೆ. ಬುದ್ಧಿ ಹುಟ್ಟಿನಿಂದ ಬರುವಂಥದ್ದು ಎಂದು ನಂಬುವ ಅಧ್ಯಾಪಕರ ತರಗತಿಗಳಲ್ಲಿ ಜನಾಂಗಗಳ ನಡುವಿನ ಅಂಕದ ಅಂತರ, ಹಾಗೆ ನಂಬದವರ ತರಗತಿಗಳಲ್ಲಿನ ಅಂತರಕ್ಕಿಂತ ಎರಡು ಪಟ್ಟಿನವರೆಗೆ ಇತ್ತು ಎಂದು 150 ಅಧ್ಯಾಪಕರನ್ನೂ 15,000ಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನೂ ಒಳಗೊಂಡ 2019ರ ಇನ್ನೊಂದು ಅಧ್ಯಯನ ಕಂಡಿತು. ಬರೀ ಉಪನ್ಯಾಸ ಬಿಟ್ಟು ವಿದ್ಯಾರ್ಥಿಗಳನ್ನು ತರಗತಿಯಲ್ಲೇ ಲೆಕ್ಕಕ್ಕೆ ಹಚ್ಚಿದರೆ ಪರೀಕ್ಷೆಯ ಅಂಕಗಳ ಅಂತರ ಸುಮಾರು ಮೂರನೇ ಒಂದರಷ್ಟು ತಗ್ಗುತ್ತದೆ ಎಂದು 2020ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ತೋರಿಸಿದರು. ಎರಡೂ ಅಧ್ಯಾಪಕರ ಕೈಯಲ್ಲಿರುವ ಸಂಗತಿಗಳು.

ಮೂರನೆಯದು ಕಾನೂನಿನದು, ಈಗಿನ ಕಾಲಕ್ಕೆ ಅದೇ ಬಿಕ್ಕಟ್ಟಿನದು. 2023ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಪ್ರವೇಶ ಕೊಡುವಾಗ ಜನಾಂಗವನ್ನು ಪರಿಗಣಿಸುವುದನ್ನು ತಡೆಯಿತು. 2025ರ ಜನವರಿಯಿಂದ ಟ್ರಂಪ್ ಆಡಳಿತ ವೈವಿಧ್ಯ, ಸಮಾನತೆಯ ಹೆಸರಿನ ಕಾರ್ಯಕ್ರಮಗಳ ಬೆನ್ನು ಹತ್ತಿತು. ಸಂಶೋಧನಾ ಅನುದಾನಗಳೂ ರದ್ದಾದವು. ಎಷ್ಟೋ ವಿಭಾಗಗಳು ಸಮಿತಿಗಳ ಹೆಸರು ಬದಲಿಸಿ, ಜಾಲತಾಣದ ಪುಟಗಳನ್ನು ಅಳಿಸಿ ಸುಮ್ಮನಾಗಿವೆ. ಇಲ್ಲೂ ಬಾಲ್ಟಿಮೋರ್ ಕೌಂಟಿಯ ಅನುಭವ ದಾರಿ ತೋರುತ್ತದೆ. 1990ರ ದಶಕದ ಮಧ್ಯದಲ್ಲಿ ನ್ಯಾಯಾಲಯದ ತೀರ್ಪೊಂದರಿಂದಾಗಿ ಮೇಯರ್‌ಹಾಫ್ ಯೋಜನೆ ಎಲ್ಲ ಜನಾಂಗದವರಿಗೂ ತೆರೆದುಕೊಳ್ಳಬೇಕಾಯಿತು. ತೆರೆದುಕೊಂಡಿತು; ಕಪ್ಪು ವಿಜ್ಞಾನಿಗಳನ್ನು ರೂಪಿಸುವುದನ್ನೂ ಮುಂದುವರಿಸಿತು. ಲ್ಯಾಬಿನ ಜೋಡಿ ಪಟ್ಟಿ ಯಾವ ಕಾನೂನಿಗೂ ವಿರುದ್ಧವಲ್ಲ. ಬೇಸಿಗೆ ಸಂಶೋಧನೆಯ ಅವಕಾಶಗಳನ್ನು ಪ್ರೊಫೆಸರ್ ತನ್ನ ಕೋಣೆಗೆ ಬಂದವರಿಗೆ ಮಾತ್ರ ಹೇಳದೆ ಎಲ್ಲರಿಗೂ ಬಹಿರಂಗವಾಗಿ ಪ್ರಕಟಿಸುವುದೂ ಅಷ್ಟೇ. ಹಾಗೆಂದು 2023ರ ತೀರ್ಪಿನಿಂದ ನಷ್ಟವಾಗಿಲ್ಲ ಎಂದಲ್ಲ. ಕಪ್ಪು ವಿದ್ಯಾರ್ಥಿಗಳಿಗೆಂದೇ ಇದ್ದ ಹಣ ನಿಂತರೆ, ಓದಿನ ಜೊತೆ ವಾರಕ್ಕೆ ಇಪ್ಪತ್ತು ಗಂಟೆ ಹೋಟೆಲಿನಲ್ಲಿ ದುಡಿಯುವ ಹುಡುಗನಿಗೆ ಯಾವ ಜೋಡಿ ಪಟ್ಟಿಯೂ ಸಮಯ ತಂದುಕೊಡುವುದಿಲ್ಲ. ಆದರೆ ಕಾನೂನನ್ನು ನೆಪವಾಗಿಟ್ಟುಕೊಂಡು ಕೈಕಟ್ಟಿ ಕೂರುವ ವಿಭಾಗ, ಕಾನೂನು ಅನುಕೂಲವಾಗಿದ್ದಾಗಲೂ ಏನು ಮಾಡಿತ್ತು ಎಂದು ಕೇಳಬೇಕಾಗುತ್ತದೆ.

ಈ ಕೆಲಸ ಯಾರು ಮಾಡಬೇಕು ಎಂಬಲ್ಲಿಗೆ ಬರೋಣ. ಬಹುತೇಕ ಭೌತವಿಜ್ಞಾನ ವಿಭಾಗಗಳಲ್ಲಿ ಒಬ್ಬ ಕಪ್ಪು ಪ್ರಾಧ್ಯಾಪಕರೂ ಇಲ್ಲ. ಒಬ್ಬರಿದ್ದರೆ ಎಲ್ಲ ಹೊಣೆಯೂ ಅವರ ತಲೆಗೆ: ಪ್ರತಿ ಸಮಿತಿಗೂ ಅವರೇ ಬೇಕು, ಬೇಸರಗೊಂಡ ಪ್ರತಿ ವಿದ್ಯಾರ್ಥಿಯೂ ಅವರ ಬಾಗಿಲನ್ನೇ ತಟ್ಟುತ್ತಾನೆ, ಪ್ರಚಾರದ ಫೋಟೊಗೂ ಅವರೇ. ಬಡ್ತಿಯ ಹೊತ್ತಿಗೆ ಮಾತ್ರ ಪ್ರಬಂಧಗಳ ಎಣಿಕೆ. ಉಳಿದವರು ನಿಶ್ಚಿಂತೆಯಿಂದ ಸಂಶೋಧನೆ ಮಾಡಿಕೊಂಡಿರುತ್ತಾರೆ. ಹೀಗೆ ಒಬ್ಬರ ಔದಾರ್ಯದ ಮೇಲೆ ನಿಂತದ್ದು ಅವರು ಬೇರೆ ಕಡೆ ಹೋದ ದಿನವೇ ಕುಸಿಯುತ್ತದೆ. ಟೀಮ್-ಅಪ್ ವರದಿ ಹೊರಬಂದ ವರ್ಷವೇ, ಪೊಲೀಸರ ಕೈಯಲ್ಲಿ ಕಪ್ಪು ಅಮೆರಿಕನ್ ಜಾರ್ಜ್ ಫ್ಲಾಯ್ಡ್ ಹತ್ಯೆಯಾದ ನಂತರ, ಜೂನ್ 10ರಂದು ಸಾವಿರಾರು ವಿಜ್ಞಾನಿಗಳು ಕೆಲಸ ನಿಲ್ಲಿಸಿ ಆತ್ಮಾವಲೋಕನಕ್ಕೆ ಕೂತರು. ಒಂದು ದಿನದ ಆ ಉತ್ಸಾಹ ಪ್ರಾಮಾಣಿಕವೇ ಇತ್ತು. ಅಂಥ ಉತ್ಸಾಹ ನಿಯಮವಾಗಿ ಇಳಿದ ಕಡೆ ಮಾತ್ರ ಉಳಿಯುತ್ತದೆ.

ಹಾಗಾಗಿ ಹೊಣೆ ಇರಬೇಕಾದದ್ದು ವಿಭಾಗದ ಮುಖ್ಯಸ್ಥರ ಮೇಲೆ, ಬಜೆಟ್ಟಿನ ಹೊಣೆ ಇರುವ ಹಾಗೆಯೇ. ಮೊದಲ ವರ್ಷದ ಕೋರ್ಸಿಗೆ ಕಲಿಸುವ ಆಸ್ಥೆಯುಳ್ಳವರನ್ನು ಹಾಕುವುದು, ಗುಂಪಿನ ಓದನ್ನು ವೇಳಾಪಟ್ಟಿಯೊಳಗೇ ತರುವುದು, ಪ್ರಯೋಗಾಲಯದ ಕೆಲಸಕ್ಕೆ ಸಂಬಳ ಕೊಡುವುದು, ವಿದ್ಯಾರ್ಥಿಗಳಿಗೆ ದಾರಿ ತೋರುವ ಕೆಲಸವನ್ನು ಬಡ್ತಿಯ ಲೆಕ್ಕಕ್ಕೆ ಹಿಡಿಯುವುದು, ಬೋಧನಾ ಸಹಾಯಕರನ್ನು ತರಗತಿಗೆ ಕಳಿಸುವ ಮೊದಲು ಸರಿಯಾಗಿ ತಯಾರು ಮಾಡುವುದು ಎಲ್ಲವೂ ಅವರ ಸಹಿಯಿಂದ ಆಗುವಂಥವು. ಇವುಗಳಿಂದ ಬಡ ಬಿಳಿಯ ವಿದ್ಯಾರ್ಥಿಗೂ ಮನೆಯಲ್ಲಿ ಮೊದಲ ಸಲ ಕಾಲೇಜು ಕಂಡವರಿಗೂ ಉಪಕಾರವಾಗುತ್ತದೆ. ಅದನ್ನು ದೋಷ ಎಂದು ಯಾರೂ ಹೇಳಲಾರರು. ಜೊತೆಗೆ ಮುಖ್ಯಸ್ಥರು ಪ್ರತಿ ವರ್ಷ ಸಹೋದ್ಯೋಗಿಗಳ ಮುಂದೆ ಒಂದು ಲೆಕ್ಕ ಒಪ್ಪಿಸಬೇಕು: ನಮ್ಮ ವಿಷಯ ಆರಿಸಿಕೊಂಡು ಬಂದ ಕಪ್ಪು ವಿದ್ಯಾರ್ಥಿಗಳು ಎಷ್ಟು, ಉಳಿದವರು ಎಷ್ಟು, ಹೋದವರು ಯಾವ ಕೋರ್ಸಿನ ನಂತರ ಹೋದರು, ಹೋಗುವಾಗ ಅವರನ್ನು ಕೂರಿಸಿಕೊಂಡು ಕಾರಣ ಕೇಳಿದವರು ಯಾರು. ಭೌತವಿಜ್ಞಾನಿಗಳು ಅಳತೆಯಲ್ಲಿ ಪಳಗಿದವರು. ಒಂದು ಉಪಕರಣ ಪ್ರತಿ ಸಲವೂ ಒಂದೇ ಕಡೆಗೆ ವಾಲಿದ ಫಲಿತಾಂಶ ಕೊಟ್ಟರೆ ಅವರು ಅಳೆಯಲು ಇಟ್ಟ ವಸ್ತುವನ್ನು ದೂರುವುದಿಲ್ಲ, ಉಪಕರಣವನ್ನು ಬಿಚ್ಚಿ ನೋಡುತ್ತಾರೆ. ತಮ್ಮ ವಿಭಾಗದ ವಿಷಯದಲ್ಲೂ ಅಷ್ಟೇ ವೈಜ್ಞಾನಿಕರಾಗಿರಿ ಎಂದು ಅವರನ್ನು ಕೇಳುವ ಹಕ್ಕು ಅವರ ವಿದ್ಯಾರ್ಥಿಗಳಿಗೆ ಇದೆ.